ಜೀಪಿಗೊಂದು ಪದಕ

ಕಲಬುರಗಿಯ ಐವಾನ್-ಎ-ಶಾಹಿ ಕಡೆಯ ರಸ್ತೆಯಲ್ಲಿ ದಿನಾ ಬೆಳಿಗ್ಗೆ ಬಿಳಿ ಬೂಟು ಹಾಕಿಕೊಂಡು ನಡೆಯುವ ಗಂಡಸರ ಗುಂಪೊಂದಿತ್ತು. ಗುತ್ತಿಗೆದಾರರು, ದಾಲ್ ಮಿಲ್ಲಿನ ಮಾಲೀಕರು, ನಿವೃತ್ತಿಗೆ ಬಂದ ಒಂದಿಬ್ಬರು ಅಧಿಕಾರಿಗಳು. ಒಂದು ಸುತ್ತು ನಡೆದು, ಹೋಟೆಲಿಗೆ ನುಗ್ಗಿ, ಸುಸಲಾ ಜೊತೆ ಎಣ್ಣೆಯಲ್ಲಿ ಕರಿದ ಮಿರ್ಚಿ ತಿನ್ನುತ್ತ ಕೊಲೆಸ್ಟರಾಲಿನ ಬಗ್ಗೆ ಮಾತಾಡುವುದು ಅವರ ವ್ಯಾಯಾಮ. ಅದೇ ಹೊತ್ತಿಗೆ ಅದೇ ರಸ್ತೆಯಲ್ಲಿ ನಾನು ಓಡುತ್ತಿದ್ದೆ. ಸಲ್ವಾರ್ ಕಮೀಜು ತೊಟ್ಟು, ಓಢಣಿಯನ್ನು ಸೊಂಟಕ್ಕೆ ಬಿಗಿದು ಓಡುವ ನನ್ನನ್ನು ಕಂಡಾಗಲೆಲ್ಲ ಅವರಲ್ಲೊಬ್ಬರು ಬಸ್ಸು ತಪ್ಪಿತೇನು ಎಂದು ಕೇಳುತ್ತಿದ್ದರು. ದಿನಾ ಅದೇ ಮಾತು, ದಿನಾ ಅದೇ ನಗು. ಒಂದೇ ಹಾಸ್ಯವನ್ನು ವರ್ಷಗಟ್ಟಲೆ ಮಾಡಿ ಪ್ರತಿಸಲವೂ ನಗಬಲ್ಲವರ ಆರೋಗ್ಯಕ್ಕೆ ನಡಿಗೆ ಯಾಕೆ ಬೇಕಿತ್ತೋ ಗೊತ್ತಿಲ್ಲ.

ನಾನು ವಿಮಾ ಕಚೇರಿಯೊಂದರಲ್ಲಿ ಟೈಪಿಸ್ಟ್. ಮದುವೆಯಾಗಿರಲಿಲ್ಲ. ದಾದಾ ಮತ್ತು ವೈನಿಯ ಮನೆಯಲ್ಲಿ, ಅಂದರೆ ನನ್ನ ಅಣ್ಣ ಅತ್ತಿಗೆಯ ಮನೆಯಲ್ಲಿ ಇದ್ದೆ. ಮೂವತ್ತು ದಾಟಿದ ಮದುವೆಯಾಗದ ಹೆಂಗಸು ಬೆಳಿಗ್ಗೆ ದೇವರ ಪೂಜೆಗೆ ಹೂ ಬಿಡಿಸಬೇಕೇ ಹೊರತು ಬೀದಿಯಲ್ಲಿ ಓಡಬಾರದು ಎಂಬುದು ದಾದಾನ ಅಭಿಪ್ರಾಯ. ಹೇಳಿದ್ದು ಒಂದೆರಡು ಸಲ. ಆಮೇಲೆ ಅವನು ಹೇಳುವುದನ್ನು ಬಿಟ್ಟು ನಿಟ್ಟುಸಿರು ಬಿಡಲು ಶುರುಮಾಡಿದ.

ಎರಡು ಸಾವಿರದ ಇಸವಿ ದಾಟಿ ಒಂದೆರಡು ವರ್ಷಕ್ಕೆ ಆ ನಡಿಗೆಯ ಗುಂಪು ಒಂದು ಸ್ಪರ್ಧೆ ಏರ್ಪಡಿಸಿತು. ಗುಂಪಿನ ಅಧ್ಯಕ್ಷರು ಪುಣೆಗೆ ಮಗಳ ಮನೆಗೆ ಹೋದಾಗ ಅಲ್ಲಿ ನೋಡಿ ಬಂದಿದ್ದರಂತೆ: ಮೊದಲು ಈಜು, ಆಮೇಲೆ ಸೈಕಲ್ಲು, ಆಮೇಲೆ ಓಟ, ನಡುವೆ ಎಲ್ಲಿಯೂ ನಿಲ್ಲುವಂತಿಲ್ಲ. ಟ್ರಯಾಥ್ಲಾನ್ ಎಂಬ ಹೆಸರು ಅವರ ಬಾಯಲ್ಲೇ ನಾಲ್ಕು ತರಹ ಹೊರಡುತ್ತಿತ್ತು. ಕಮಲಾಪುರದ ಹೊರಗಿನ ಕೆರೆಯಲ್ಲಿ ಈಜಿ, ಅಲ್ಲಿಂದ ಸೈಕಲ್ಲಿನ ಮೇಲೆ ಹುಮನಾಬಾದ್ ರಸ್ತೆಯಲ್ಲಿ ಸಾಕಷ್ಟು ದೂರ ಹೋಗಿ, ತಿರುಗಿ ಕಲಬುರಗಿಗೆ ಬಂದು, ಕೊನೆಗೆ ಊರಿನಿಂದ ಶರಣಸಿರಸಗಿಗೆ ಓಡಿ ಹೋಗಿ ವಾಪಸು ಬರಬೇಕು. ಅಧ್ಯಕ್ಷರು ರಸ್ತೆ ಗುತ್ತಿಗೆದಾರರು. ಅವರು ಮಾಡಿಸಿದ ರಸ್ತೆಗಳ ಮೇಲೆ ಓಡಿ ಓಡಿ ನನ್ನ ಮೊಣಕಾಲಿಗೆ ಅವರ ಪರಿಚಯ ಮೊದಲೇ ಆಗಿತ್ತು.

ಹೆಸರು ಕೊಡಲು ಹೋದೆ. ಅಧ್ಯಕ್ಷರು ನನ್ನನ್ನು ಕೂಡ್ರಿಸಿ, ಚಹಾ ತರಿಸಿ, ಮಗುವಿಗೆ ತಿಳಿಸಿ ಹೇಳುವಂತೆ ಹೇಳಿದರು.

"ಹೆಣ್ಮಕ್ಕಳಿಗೆ ಬ್ಯಾರೆ ಇಟ್ಟೀವ್ರಿ ಬಾಯಾರ. ಕೆರಿ ದಂಡ್ಯಾಗ ಜರಾ ಕೈಕಾಲು ಬಡದು, ಒಂದೀಟು ಸೈಕಲ್ ಹೊಡದ್ರ ಆತು. ಫೋಟೋನೂ ಬರ್ತದ."

"ನನಗ ಪೂರ್ತಿದು ಬೇಕ್ರಿ," ಅಂದೆ.

ಆಗುವುದಿಲ್ಲ ಎನ್ನಲು ಅವರ ಬಳಿ ಕಾರಣವಿರಲಿಲ್ಲ. ಹೆಂಗಸರು ಪೂರ್ತಿ ದೂರ ಹೋಗಬಾರದೆಂದು ನಿಯಮ ಮಾಡಲು ಮರೆತಿದ್ದರು. ಯಾವ ಹೆಂಗಸೂ ಕೇಳಲಾರಳು ಎಂದುಕೊಂಡಿದ್ದರು. ನನಗಿಂತ ಮೊದಲೇ ಒಬ್ಬಳು ಕೇಳಿ ಹೋಗಿದ್ದಾಳೆ ಎಂದು ಅಲ್ಲಿಯೇ ತಿಳಿಯಿತು. ಅವಳು ಒಂದು ಪ್ರೌಢಶಾಲೆಯಲ್ಲಿ ದೈಹಿಕ ಶಿಕ್ಷಕಿ. ಹುಡುಕಿಕೊಂಡು ಹೋಗಿ ಭೇಟಿಯಾದೆ. ನನಗಿಂತ ಹತ್ತು ವರ್ಷ ಚಿಕ್ಕವಳು, ಮಿತ ಮಾತಿನವಳು. ದಲಿತರ ಓಣಿಯಲ್ಲಿ ಮನೆ. ಗೋಡೆಯ ಮೇಲೆ ಬುದ್ಧನ ಪಟ, ಪಕ್ಕದಲ್ಲಿ ಕಾಲೇಜಿನ ದಿನಗಳಲ್ಲಿ ಓಟದಲ್ಲಿ ಗೆದ್ದ ಪದಕಗಳು. ಓಡುವುದು, ಸೈಕಲ್ಲು ತುಳಿಯುವುದು ಅವಳಿಗೆ ಲೆಕ್ಕಕ್ಕೇ ಇಲ್ಲ. ಈಜು ಮಾತ್ರ ಅಷ್ಟಕ್ಕಷ್ಟೆ. ನನಗೆ ಅದರ ತಿರುಗುಮುರುಗು. ಅಪ್ಪ ಕಮಲಾಪುರದಲ್ಲಿ ಮಾಸ್ತರರಾಗಿದ್ದಾಗ ನನ್ನ ಬೆನ್ನಿಗೆ ತಗಡಿನ ಡಬ್ಬಿ ಕಟ್ಟಿ ಕೆಂಪು ಬಾಳೆಯ ತೋಟದ ಬಾವಿಗೆ ತಳ್ಳಿದ್ದರು. ಅಂದಿನಿಂದ ನೀರಿನ ಹೆದರಿಕೆ ಹೋಗಿತ್ತು. ಭಾನುವಾರಗಳಂದು ನಾವಿಬ್ಬರೂ ಬಸ್ಸು ಹಿಡಿದು ಕಮಲಾಪುರಕ್ಕೆ ಹೋಗುತ್ತಿದ್ದೆವು. ನಾನು ಅವಳ ಈಜು ತಿದ್ದುತ್ತಿದ್ದೆ. ವಾರದ ಉಳಿದ ದಿನ ಅವಳು ನನ್ನನ್ನು ಓಡಿಸಿ ಓಡಿಸಿ ಹೈರಾಣ ಮಾಡುತ್ತಿದ್ದಳು.

ಮನೆಯಲ್ಲಿ ಗಲಾಟೆ ಎದ್ದದ್ದು ಬಟ್ಟೆಯ ವಿಷಯಕ್ಕೆ. ನಾನು ನೂರು ಗಂಡಸರ ಎದುರು ಒದ್ದೆ ಬಟ್ಟೆಯಲ್ಲಿ ನಿಲ್ಲುತ್ತೇನೆ ಎಂಬುದೊಂದೇ ದಾದಾನಿಗೆ ಕಂಡದ್ದು. "ಅಪ್ಪಾ ಮಾಸ್ತರಕಿ ಮಾಡಿದ ಊರದು. ಅವರ ಹೆಸರು ಇನ್ನೂ ಅದ ಅಲ್ಲಿ," ಅಂದ. ಈಜು ಕಲಿಸಿದವರೇ ಅಪ್ಪ ಎಂಬುದು ಅವನ ತಲೆಗೆ ಹೋಗಲೇ ಇಲ್ಲ. ಅವನಿಗೂ ಅದೇ ಬಾವಿಯಲ್ಲಿ ಕಲಿಸಲು ನೋಡಿದ್ದರು. ಮೆಟ್ಟಿಲು ಹಿಡಿದು ಅತ್ತು ಮೇಲೆ ಬಂದವನು ಮತ್ತೆ ಇಳಿದಿರಲಿಲ್ಲ. ಅವನು ಆಫೀಸಿಗೆ ಹೋದ ಮೇಲೆ ವೈನಿ ಹೊಲಿಗೆ ಮಷೀನು ತೆಗೆದು, ಮೈಗೆ ಅಂಟಿ ಕೂರುವ ದಪ್ಪ ಕಪ್ಪು ಬಟ್ಟೆಯಲ್ಲಿ ನನಗೊಂದು ತುಂಬುತೋಳಿನ ಅಂಗಿ ಮತ್ತು ಇಜಾರ ಹೊಲಿದು ಕೊಟ್ಟಳು. ಅಳತೆ ತೆಗೆಯುವಾಗ, "ನಾನೂ ಹುಡುಗಿದ್ದಾಗ ಈಸ್ತಿದ್ದೆ," ಎಂದಳು. ಅಷ್ಟು ವರ್ಷ ಒಂದೇ ಮನೆಯಲ್ಲಿದ್ದೂ ನನಗದು ಗೊತ್ತಿರಲಿಲ್ಲ.

ಸ್ಪರ್ಧೆ ಚಳಿಗಾಲದಲ್ಲಿ ನಡೆಯಿತು. ನಸುಕಿಗೇ ನಾವೆಲ್ಲ ಕೆರೆಯ ದಂಡೆಯಲ್ಲಿ ನಿಂತಿದ್ದೆವು. ಮುಖ್ಯ ಅತಿಥಿ ಬಂದಿರಲಿಲ್ಲ. ಸೂರ್ಯ ಬಂದ, ಎಮ್ಮೆಗಳು ಬಂದವು, ಎಮ್ಮೆಗಳು ನೀರು ಕುಡಿದು ಹೋದವು. ಮುಖ್ಯ ಅತಿಥಿ ಬರಲಿಲ್ಲ. ಕೊನೆಗೆ ಬಿಳಿ ಕಾರಿನಲ್ಲಿ ಶಾಲು ಹೊದ್ದು ಬಂದು, ಚಡ್ಡಿಯಲ್ಲಿ ನಡುಗುತ್ತ ನಿಂತ ಗಂಡಸರಿಗೆ ಶಿಸ್ತು ಮತ್ತು ಸಮಯಪಾಲನೆಯ ಮಹತ್ವ ಹೇಳಿದರು. ಅವರ ಕೊರಳಿಗೆ ಹಾರ ಬಿತ್ತು. ಹಾರ ಹಾಕಿದವರ ಕೊರಳಿಗೂ ಹಾರ ಬಿತ್ತು. ಅಧ್ಯಕ್ಷರು ಮೈಗಂಟಿದ ಪರದೇಶದ ಉಡುಪಿನಲ್ಲಿ, ಉಬ್ಬಿದ ಹೊಟ್ಟೆಯ ಮೇಲೆ ಒಂದನೇ ನಂಬರಿನ ಚೀಟಿ ಅಂಟಿಸಿಕೊಂಡು ವಂದನಾರ್ಪಣೆ ಮಾಡಿದರು. ಅವರೂ ಸ್ಪರ್ಧಿ. ತಾವೇ ಏರ್ಪಡಿಸಿ, ತಾವೇ ನಿಯಮ ಮಾಡಿ, ತಾವೇ ಭಾಗವಹಿಸುವ ಈ ವ್ಯವಸ್ಥೆಯಲ್ಲಿ ಅವರು ಒಂದೇ ಒಂದು ನಂಬರಿಗೆ ತೃಪ್ತರಾದದ್ದೇ ದೊಡ್ಡದು.

ನೀರಿಗಿಳಿದ ಮೇಲೆ ಅವರೆಲ್ಲರ ಬಣ್ಣ ಬಯಲಾಯಿತು. ಕೆರೆಯ ನಡುವೆ ತೇಲಿಬಿಟ್ಟ ಡ್ರಮ್ಮು ಸುತ್ತಿ ಬರಬೇಕಿತ್ತು. ಬಿಳಿ ಬೂಟಿನವರಲ್ಲಿ ಹೆಚ್ಚಿನವರು ಎದೆಮಟ್ಟದ ನೀರಲ್ಲಿ ಕೈ ಬಡಿಯುತ್ತ ಕೆಳಗೆ ಕಾಲಿನಿಂದ ನಡೆದರು. ಅಧ್ಯಕ್ಷರು ಡ್ರಮ್ಮಿನ ತನಕ ಹೋಗದೆ, ಅರ್ಧದಿಂದಲೇ ಅದಕ್ಕೊಂದು ಕೈ ಬೀಸಿ ತಿರುಗಿದರು, ಪರಿಚಯದವರಿಗೆ ನಮಸ್ಕಾರ ಹೇಳುವಂತೆ. ನಾನು ಶಿಕ್ಷಕಿಯ ಪಕ್ಕದಲ್ಲೇ ಈಜಿದೆ. ಡ್ರಮ್ಮಿನ ಹತ್ತಿರ ಅವಳ ಉಸಿರು ತಪ್ಪಿತು. ಅಂಗಾತ ಮಲಗು, ಆಕಾಶ ನೋಡು ಎಂದೆ. ಮಲಗಿದಳು, ಸುಧಾರಿಸಿಕೊಂಡಳು. ದಂಡೆ ಮುಟ್ಟಿದಾಗ ನಮ್ಮ ಹಿಂದೆ ಇನ್ನೂ ಬಹಳ ತಲೆಗಳಿದ್ದವು. ಕಮಲಾಪುರದ ಹೆಂಗಸರು ಬಟ್ಟೆ ಒಗೆಯುವುದು ಬಿಟ್ಟು ನಮ್ಮನ್ನು ನೋಡುತ್ತಿದ್ದರು. ಒಬ್ಬಾಕೆ ಏನೂ ಕೇಳದೆ ತನ್ನ ಒಣ ಸೀರೆಯನ್ನು ಅಡ್ಡ ಹಿಡಿದು ನಿಂತಳು. ಬಟ್ಟೆ ಬದಲಿಸಲು ಹೆಂಗಸರಿಗೊಂದು ಮರೆ ಬೇಕೆಂಬುದು ಹಾರಗಳನ್ನು ಎಣಿಸಿ ತಂದ ಸಮಿತಿಗೆ ಹೊಳೆದಿರಲಿಲ್ಲ.

ಸೈಕಲ್ಲು ಹತ್ತಿದ ಮೇಲೆ ಶಿಕ್ಷಕಿ ಕಣ್ಣಿಗೆ ಬೀಳಲಿಲ್ಲ, ಅಷ್ಟು ಮುಂದೆ ಹೋದಳು. ನನ್ನದು ಆಫೀಸಿನ ಜವಾನನಿಂದ ಎರವಲು ತಂದ ಕರಿ ಸೈಕಲ್ಲು. ಚಡಾವಿನ ಏರಿನಲ್ಲಿ ಅದು ಎತ್ತಿನಂತೆ ನಿಂತುಬಿಡುತ್ತಿತ್ತು. ತೊಗರಿ ಕೊಯ್ದ ಹೊಲಗಳ ಕಡೆಯಿಂದ ಎದುರುಗಾಳಿ. ಲಾರಿಗಳು ಹಾರ್ನು ಬಾರಿಸಿ ಮೈ ಸವರಿಕೊಂಡೇ ಹೋಗುತ್ತಿದ್ದವು. ದೂರದ ತಿರುವು ಮುಟ್ಟಿ ವಾಪಸು ಬಂದು, ಕಮಲಾಪುರ ದಾಟಿ ಕಲಬುರಗಿಯ ದಿಕ್ಕಿಗೆ ಹೊರಟಾಗ ತೊಡೆಗಳು ನನ್ನವಲ್ಲ ಅನಿಸತೊಡಗಿತ್ತು. ಆಗ ಹಿಂದಿನಿಂದ ಸಮಿತಿಯ ಜೀಪು ಬಂತು. ಹಿಂಬದಿಯಲ್ಲಿ ಗೇರಿನ ಸೈಕಲ್ಲೊಂದು ಚಕ್ರ ಮೇಲೆ ಮಾಡಿ ಮಲಗಿತ್ತು. ಮುಂದಿನ ಸೀಟಿನಲ್ಲಿ ಅಧ್ಯಕ್ಷರು ಕೂತು ಬಾಳೆಹಣ್ಣು ಸುಲಿಯುತ್ತಿದ್ದರು. ನನ್ನನ್ನು ನೋಡಿದರು. ಮುಖ ತಿರುಗಿಸಬಹುದಿತ್ತು. ತಿರುಗಿಸಲಿಲ್ಲ. ಸಾವಕಾಶ ಬರ್ರಿ ಎಂಬಂತೆ ಕೈ ಮಾಡಿ ಮುಂದೆ ಹೋದರು. ಅವರು ನಾಚಿಕೆಪಟ್ಟಿದ್ದರೆ ನಾನು ಬಹುಶಃ ಆ ದಿನ ಸುಮ್ಮನಿರುತ್ತಿದ್ದೆ.

ಊರು ಮುಟ್ಟಿದಾಗ ಬಿಸಿಲು ನೆತ್ತಿಗೆ ಬಂದಿತ್ತು. ಶರಣಸಿರಸಗಿಯ ಕಡೆ ಓಡತೊಡಗಿದೆ. ಓಟ ಎನ್ನುವುದು ಗೌರವದ ಮಾತು. ಒಂದು ಕಾಲನ್ನು ಇನ್ನೊಂದರ ಮುಂದೆ ಇಡುತ್ತಿದ್ದೆ ಅಷ್ಟೆ. ಅರ್ಧ ದಾರಿಗೆ ಶಿಕ್ಷಕಿ ಎದುರಾದಳು, ಆಗಲೇ ತಿರುಗಿ ಬರುತ್ತಿದ್ದಳು. ಅವಳ ಮುಂದೆ ಹೋದ ಗಂಡಸರನ್ನು ಒಂದೇ ಕೈಯ ಬೆರಳುಗಳಲ್ಲಿ ಎಣಿಸಬಹುದಿತ್ತು. "ಕಣ್ಣು ಕೆಳಗ ಇಡ್ರಿ ಅಕ್ಕಾ, ದೂರ ನೋಡಬ್ಯಾಡ್ರಿ," ಎಂದು ನಿಲ್ಲದೇ ಹೇಳಿ ಹೋದಳು. ಹಾಗೇ ಮಾಡಿದೆ. ನೆಲ ನೋಡುತ್ತ ಹೋದೆ, ನೆಲ ನೋಡುತ್ತ ಬಂದೆ. ಓಟ ಮುಗಿಯುವ ಮೈದಾನಕ್ಕೆ ಬಂದಾಗ ಗೆರೆಯ ಹತ್ತಿರ ಯಾರೂ ಇರಲಿಲ್ಲ. ಎಲ್ಲರೂ ಪೆಂಡಾಲಿನಲ್ಲಿ ಪುಲಾವು ತಿನ್ನುತ್ತಿದ್ದರು. ನಾನೇ ಹೋಗಿ, ಮುಗಿಸಿದ್ದೇನೆ, ಬರೆದುಕೊಳ್ಳಿ ಎಂದು ಹೇಳಬೇಕಾಯಿತು.

ಬಹುಮಾನದ ಹೊತ್ತಿಗೆ ಹಿರಿಯರ ವಿಭಾಗದಲ್ಲಿ ಅಧ್ಯಕ್ಷರಿಗೇ ಮೊದಲ ಪದಕ ಬಂತು. ಚಪ್ಪಾಳೆಯೂ ಬಂತು. ನಮ್ಮಿಬ್ಬರನ್ನು ಪ್ರೋತ್ಸಾಹಕ್ಕೆಂದು ವೇದಿಕೆಗೆ ಕರೆದು ಒಂದೊಂದು ಹಾಟ್‌ಬಾಕ್ಸ್ ಕೊಟ್ಟರು. ಚಪಾತಿ ಬಿಸಿಯಾಗಿಡುವ ಡಬ್ಬಿ. ಗಂಡಸರಿಗೆ ಪದಕ, ನಮಗೆ ಅಡಿಗೆಮನೆ. ಎರಡು ಮಾತಾಡಿರೆಂದು ನನ್ನ ಕೈಗೆ ಮೈಕು ಕೊಟ್ಟದ್ದು ಅವರದೇ ತಪ್ಪು.

"ಅಧ್ಯಕ್ಷರು ಇಷ್ಟು ದೂರ ಬಂದದ್ದಕ್ಕ ಪದಕ ಕೊಟ್ರಿ, ಭಾಳ ಸಂತೋಷ," ಅಂದೆ. "ಅವರನ್ನ ಕರಕೊಂಡು ಬಂದ ಜೀಪಿಗೂ ಒಂದು ಕೊಡ್ರಿ."

ಪೆಂಡಾಲಿನ ಹಿಂದಿನ ಸಾಲಿನಲ್ಲಿ ಯಾರೋ ನಕ್ಕರು, ಅದು ಮುಂದಕ್ಕೆ ಹಬ್ಬಿತು. ಅಧ್ಯಕ್ಷರೂ ನಕ್ಕರು. ಬಾಯಾರು ಭಾಳ ತಮಾಷೆ ಮಾಡ್ತಾರ ಎಂದು ಮೈಕು ಕಸಿದುಕೊಂಡರು. ಪದಕ ಅವರ ಕೊರಳಲ್ಲೇ ಇತ್ತು. ಮರುದಿನದ ಪೇಪರಿನಲ್ಲಿ ಫೋಟೋ ಬಂತು. ಅದರಲ್ಲಿ ನಾವಿಬ್ಬರೂ ಅವರ ಎಡಬಲಕ್ಕೆ ಡಬ್ಬಿ ಹಿಡಿದು ನಿಂತಿದ್ದೆವು. ಫೋಟೋ ತೆಗೆದ ಮೇಲೆ ನಾನು ನನ್ನದನ್ನು ವೇದಿಕೆಯ ಮೇಲೇ ಬಿಟ್ಟು ಇಳಿದಿದ್ದೆ. ಶಿಕ್ಷಕಿ ತನ್ನದನ್ನು ಬಗಲಲ್ಲಿಟ್ಟುಕೊಂಡು ಬಂದಳು. ನನ್ನ ಮುಖ ನೋಡಿ, "ನನಗ ಸಾಲಿಗೆ ರೊಟ್ಟಿ ಒಯ್ಯಾಕ ಬೇಕ್ರಿ," ಎಂದಳು. ನನಗೆ ಸಿಟ್ಟು ಬಂದಿತ್ತು. ಅವಳಿಗೆ ಬಂದಿರಲಿಲ್ಲ. ಇಂಥವರಿಂದ ಬೇರೆ ಏನನ್ನೂ ಅವಳು ನಿರೀಕ್ಷಿಸಿರಲಿಲ್ಲ. ತಾತ್ಸಾರದಲ್ಲಿ ಅವಳು ನನಗಿಂತ ಬಹಳ ಮುಂದಿದ್ದಳು.

ಮುಂದಿನ ವರ್ಷ ನಿಯಮ ಬಂತು. ಸುರಕ್ಷತೆಯ ದೃಷ್ಟಿಯಿಂದ ಮಹಿಳೆಯರಿಗೆ ಅರ್ಧ ದೂರ ಮಾತ್ರ. ಕೆರೆಯಲ್ಲಿ ನಡೆದವರ ಸುರಕ್ಷತೆಯ ಬಗ್ಗೆ ಯಾವ ನಿಯಮವೂ ಇರಲಿಲ್ಲ. ನಾವು ಹೆಸರು ಕೊಡಲಿಲ್ಲ. ಅವರ ಸ್ಪರ್ಧೆ ಮುಗಿದ ಮರುವಾರ ನಾವಿಬ್ಬರೇ ಕಮಲಾಪುರಕ್ಕೆ ಹೋಗಿ, ಅದೇ ಕೆರೆಯಲ್ಲಿ ಈಜಿ, ಅದೇ ದಾರಿ ತುಳಿದು, ಶರಣಸಿರಸಗಿಗೆ ಓಡಿ ಬಂದೆವು. ಅತಿಥಿ ಇಲ್ಲದ್ದರಿಂದ ಸಮಯಕ್ಕೆ ಸರಿಯಾಗಿ ಶುರುವಾಯಿತು. ಈ ಸಲ ಡ್ರಮ್ಮೂ ಇರಲಿಲ್ಲ. ಅವಳು ಒಮ್ಮೆಯೂ ನಿಲ್ಲದೆ ಈಜಿದಳು. ಓಟದಲ್ಲಿ ನನಗಾಗಿ ನಿಧಾನ ಮಾಡಲೂ ಇಲ್ಲ, ಅದು ನನಗೆ ಹಿಡಿಸಿತು.

ಅವಳ ಮನೆಯಲ್ಲಿ ಬಿಸಿನೀರು ಕಾಯಿಸಿಟ್ಟಿದ್ದರು. ಅವಳ ಅವ್ವ ನಮ್ಮಿಬ್ಬರಿಗೂ ಜೋಳದ ರೊಟ್ಟಿ, ಪುಂಡಿಪಲ್ಯ ಬಡಿಸಿ, ನನ್ನ ತಟ್ಟೆ ಖಾಲಿಯಾದಂತೆಲ್ಲ ಕೇಳದೆಯೇ ಹಾಕಿದಳು. ಅಂಥ ಹಸಿವು ನನಗೆ ಜೀವನದಲ್ಲಿ ಆಗಿರಲಿಲ್ಲ.

ಸಂಜೆ ಮನೆಗೆ ಬಂದಾಗ ದಾದಾ ಜಗಲಿಯ ಮೇಲೆ ಕೂತಿದ್ದ. ವೈನಿ ಬಾಗಿಲಿಗೆ ಬಂದು ಮುಗಿಸಿದಿಯಾ ಎಂದು ಕೇಳಿದಳು. ಹೂಂ ಅಂದೆ. ದಾದಾ, ಊಟಕ್ಕೆ ಕಾದೆವು ಎಂದ. ನನ್ನದು ಆಯಿತು ಎಂದೆ. ಎಲ್ಲಿ ಎಂದು ಕೇಳಿದ. ಶಿಕ್ಷಕಿಯ ಮನೆಯಲ್ಲಿ ಎಂದೆ. ಕೆರೆ, ಲಾರಿ, ಬಿಸಿಲು ಯಾವುದಕ್ಕೂ ಬರದಿದ್ದ ಗಾಬರಿ ಅವನ ಮುಖಕ್ಕೆ ಆಗ ಬಂತು. ದನಿ ತಗ್ಗಿಸಿ, ಪಕ್ಕದ ಮನೆಯ ಕಡೆ ನೋಡಿ, "ಮೊದಲ ಸ್ನಾನ ಮಾಡಿ ಒಳಗ ಬಾ," ಎಂದ.

"ಅದೂ ಅಲ್ಲೇ ಆತು," ಅಂದೆ.

ವೈನಿ ಬಾಗಿಲು ಬಿಟ್ಟು ಸರಿದಳು. ನಾನು ಒಳಗೆ ಹೋಗಿ ಮಲಗಿದೆ.