ಅಗಸಿ ಎಣ್ಣೆಯ ಶಹರ

ನನ್ನ ಮೊಮ್ಮಗಳು ಬರೆದ ಚಿತ್ರಕ್ಕೆ ಹೈದರಾಬಾದಿನಲ್ಲಿ ಮೊದಲ ಬಹುಮಾನ ಬಂದಿದೆ. ಓಣಿಯವರಿಗೆಲ್ಲ ಎರಡೆರಡು ಸಲ ಹೇಳಿ ಮುಗಿಸಿದೆ. ಈಗ ನೀವು ಸಿಕ್ಕಿದ್ದೀರಿ.

ನಿನ್ನೆ ಮುಂಜಾನೆ ಅವಳು ಆ ಚಿತ್ರವನ್ನು ಹುಮನಾಬಾದಿನ ಮನೆಗೆ ತಂದು, ಸುತ್ತಿದ ಬಟ್ಟೆ ಬಿಚ್ಚಿದಳು. ಬಣ್ಣದಿಂದ ಅಗಸಿ ಎಣ್ಣೆಯ ವಾಸನೆ ಬಂತು. ಬೇರೆಯವರಿಗಾದರೆ ಚಟ್ನಿ ನೆನಪಾಗುತ್ತಿತ್ತು. ನನಗೆ ಟಾಂಗಾ ನೆನಪಾಯಿತು.

ನಿಜಾಮರ ಕಾಲ, ನಲವತ್ತನೇ ಇಸವಿಯ ಆಸುಪಾಸು. ನಾನು ಮದುವೆಯಾಗಿ ಬಂದ ಹೊಸತು. ನಮ್ಮವರು ಇಲ್ಲಿಂದ ಕಲ್ಯಾಣಿಗೆ, ಅಂದರೆ ಈಗಿನ ಬಸವಕಲ್ಯಾಣಕ್ಕೆ, ಟಾಂಗಾ ಹೊಡೆಯುತ್ತಿದ್ದರು. ಅದರ ಹಿಂದಿನ ಹಲಗೆಗೆ ಚಿತ್ರ ಬರೆಯಲು ಖಾದರಮಿಯಾ ಬಂದ. ಮುಂಬಯಿಯಲ್ಲಿ ಅಂಗಡಿ ಬೋರ್ಡು ಬರೆಯುತ್ತ, ಹೊಸ ನಮೂನೆಯ ಚಿತ್ರಗಳನ್ನು ಕಣ್ತುಂಬ ನೋಡಿ ಬಂದವನು. ಬಣ್ಣ ಕಲಸಲು ನನ್ನ ಅಡುಗೆಮನೆಯ ಅಗಸಿ ಎಣ್ಣೆ ಕೇಳಿದ. ಒಂದು ನವಿಲೋ ಕಮಲವೋ ಆದೀತೆಂದು ಬಟ್ಟಲು ತುಂಬ ಕೊಟ್ಟೆ. ಅವನು ಬರೆದದ್ದು ಮುಂಬಯಿ. ಒಂದರ ಮೇಲೊಂದು ವಾಲಿದ ಮನೆಗಳು, ಹಳದಿ ದೀಪಗಳು, ಕೆಳಗೆ ಕಪ್ಪು ಗೆರೆಗಳಂಥ ಮಂದಿ. ಒಬ್ಬರಿಗೂ ಕಣ್ಣಿಲ್ಲ, ಮೂಗಿಲ್ಲ.

ಮರುದಿನ ಟಾಂಗಾ ಹತ್ತಲು ಬಂದವರು ಹಲಗೆ ನೋಡಿ ಹಿಂದೆ ಸರಿದರು. ಇದು ದೆವ್ವದ ಗಾಡಿ ಎಂದರು. ನಮ್ಮವರು ಬಣ್ಣ ಕೆರೆಯಲು ಉಳಿ ಹಿಡಿದೇ ಖಾದರಮಿಯಾನನ್ನು ಕರೆಸಿದರು. ಅವನಿಗೆ ಸಿಟ್ಟೂ ಬರಲಿಲ್ಲ.

“ಅಣ್ಣಾ, ಶಹರದಾಗ ಎಲ್ಲಾರೂ ಓಡಾಕತ್ತಿರ್ತಾರ. ಓಡೋರ ಮಾರಿ ಎಲ್ಲಿ ಕಾಣತದ? ಇಷ್ಟು ವರ್ಷ ಇದ್ದೆ, ನನ್ನ ಮಾರಿನೂ ಯಾರೂ ನೋಡಲಿಲ್ಲ.”

ಈಗ ನೀವೇ ಯೋಚಿಸಿ. ಟಾಂಗಾದ ಹಿಂದಿನ ಚಿತ್ರ ಕೂತು ಹೋಗುವವರಿಗೆ ಕಾಣುವುದಿಲ್ಲ. ಬಾಗಿಲಲ್ಲಿ ಉಳಿದವರಿಗೆ ಕಾಣುತ್ತದೆ. ಕಲ್ಯಾಣಿಯ ಆಚೆ ಏನನ್ನೂ ಕಾಣದ ನಾನು, ಹೊಸ ಸೊಸೆಯೆಂಬುದನ್ನು ಮರೆತು ಬಾಯಿ ಬಿಟ್ಟೆ.

“ಕುಂತೋರಿಗಿ ಅದು ಕಾಣಂಗಿಲ್ಲಲ್ರಿ. ದಿನಾ ನಿಂತು ನೋಡಾಕಿ ನಾ. ಇರಲಿ ಬಿಡ್ರಿ.”

ನಮ್ಮವರು ನನ್ನನ್ನೂ ಹಲಗೆಯನ್ನೂ ನೋಡಿ ಉಳಿ ಕೆಳಗಿಟ್ಟರು.

“ಆಯ್ತು, ಮುಂಬಯಿ ನಿಂದು, ಕುದುರಿ ನಂದು.”

ಸ್ವಲ್ಪ ದಿನಕ್ಕೆ ಮಂದಿ ಮೂಗಿಲ್ಲದವರ ಟಾಂಗಾ ಎಲ್ಲಿ ಎಂದು ಕೇಳಿಕೊಂಡು ಬಂದು ಹತ್ತತೊಡಗಿದರು. ನಾನಂತೂ ಪ್ರತಿ ಮುಂಜಾನೆ ಬಾಗಿಲಲ್ಲಿ ನಿಲ್ಲುತ್ತಿದ್ದೆ. ಶಹರ ಧೂಳಿನಲ್ಲಿ ಸಣ್ಣದಾಗುತ್ತ ಹೋಗುತ್ತಿತ್ತು. ದೂರವಾದಷ್ಟೂ, ನಂಬಿದರೆ ನಂಬಿ, ಆ ಗೆರೆಗಳು ನಡೆಯುತ್ತಿದ್ದವು. ಹಲಗೆ ಮಳೆಬಿಸಿಲಿಗೆ ಬೆಳ್ಳಗಾಗುವವರೆಗೂ ನೋಡಿದೆ.

ಮೊಮ್ಮಗಳ ಚಿತ್ರದಲ್ಲಿರುವುದು ಹೈದರಾಬಾದಿನ ಸಂಜೆ. ನನ್ನ ಮಗ ಹತ್ತಿರ ಹೋಗಿ ನೋಡಿ, ಈ ಮಂದಿಗೆ ಮುಖವೇ ಇಲ್ಲವಲ್ಲ ಎಂದ. ಅವಳು ಬಾಯಿ ತೆರೆಯುವ ಮೊದಲೇ ಖಾದರಮಿಯಾನ ಮಾತನ್ನು ನಾನೇ ಹೇಳಿಬಿಟ್ಟೆ. ಅವಳು ನನ್ನ ಕಡೆ ತಿರುಗಿ ಕೇಳಿದಳು.

“ಆಯಿ, ಇದು ನಿನಗ ಹ್ಯಾಂಗ ಗೊತ್ತು?”

ರಾತ್ರಿ ಊಟಕ್ಕೆ ಎಂದಿನಂತೆ ದುಂಡಗೆ ಕೂಡಲಿಲ್ಲ. ಚಿತ್ರವನ್ನು ಗೋಡೆಗೆ ಆನಿಸಿ, ಅದರೆದುರು ಎಲ್ಲರೂ ಒಂದೇ ಸಾಲಿನಲ್ಲಿ ಕೂತೆವು. ಬಿಸಿ ರೊಟ್ಟಿಯ ಮೇಲೆ ಅಗಸಿ ಹಿಂಡಿ, ಅದೇ ಚಟ್ನಿಪುಡಿ, ಬಡಿಸಿ ನಾನೂ ಕೂತೆ. ಈ ಸಲ ಶಹರ ದೂರ ಹೋಗಲಿಲ್ಲ. ನಮ್ಮ ಊಟ ಮುಗಿಯುವವರೆಗೂ ಅಲ್ಲೇ ಇತ್ತು.