ತಿರುವಿ ಹಾಕುವಷ್ಟು ಹೊತ್ತು

ಬಿಳಿನವಿಲು ಕ್ಯಾಸೆಟ್ ಕಂಪನಿಯ ಬಗ್ಗೆ ನಮ್ಮ ವಿಜಯನಗರ ಬಡಾವಣೆಯ ಕಡೆ ಎಲ್ಲರೂ ಹೇಳುವ ಕಥೆ ಒಂದೇ. ಸಭೆಗಳಲ್ಲಿ, ಬಲ್ಲವರ ಮುಂದೆ ಮಾತ್ರ ಬಾಯಿ ಬಿಡುತ್ತಿದ್ದ ಸಂಗೀತವನ್ನು ಆ ಕಂಪನಿ ಕೈಹಿಡಿದು ಕರೆತಂದು ನಮ್ಮ ಅಡುಗೆಮನೆಯ ಶೆಲ್ಫಿನ ಮೇಲೆ ಕೂರಿಸಿತಂತೆ. ಮದುವೆ ಮನೆಯಲ್ಲಿ ಯಾರಾದರೂ ಈ ಮಾತು ತೆಗೆದರೆ ಸುತ್ತಲಿನವರೆಲ್ಲ ತಲೆದೂಗುತ್ತಾರೆ. ನನಗೆ ತಲೆದೂಗುವ ಅಭ್ಯಾಸವಿಲ್ಲ. ಕಾಲೇಜಿನ ಚರ್ಚಾಸ್ಪರ್ಧೆಗಳಲ್ಲಿ ಯಾವಾಗಲೂ ವಿರೋಧದ ಕಡೆಯೇ ನಿಂತು ನಿಂತು, ಈಗ ಯಾರಾದರೂ ‘ಇವತ್ತು ಸೆಕೆ’ ಎಂದರೂ ಪುರಾವೆ ಕೇಳುವಂತಾಗಿದೆ. ಅಮ್ಮನ ಪ್ರಕಾರ ಇದೊಂದು ಕಾಯಿಲೆ.

ಆದ್ದರಿಂದ ನನ್ನ ಆಕ್ಷೇಪವನ್ನು ಮೊದಲೇ ಮಂಡಿಸಿಬಿಡುತ್ತೇನೆ. ಕಂಪನಿ ಹಾಡನ್ನು ತಂದದ್ದು ನಿಜ. ಆದರೆ ತನ್ನ ಡಬ್ಬಿಯ ಅಳತೆಗೆ ಕತ್ತರಿಸಿ ತಂದಿತು. ಇದು ಬಿಳಿನವಿಲಿನವರೊಬ್ಬರದೇ ಪಾಪವೇನಲ್ಲ. ಗ್ರಾಮಫೋನಿನ ಕಾಲದಲ್ಲಿ ತಟ್ಟೆಯ ಒಂದು ಮುಖದಲ್ಲಿ ಹಿಡಿಯುತ್ತಿದ್ದದ್ದು ಮೂರು ನಾಲ್ಕು ನಿಮಿಷದ ಹಾಡು. ಒಂದು ರಾಗದ ಜೊತೆ ಗಂಟೆಗಟ್ಟಲೆ ಹರಟುತ್ತ ಕೂರುತ್ತಿದ್ದ ವಿದ್ವಾಂಸರು, ಹೊರಟು ನಿಂತ ಬಸ್ಸಿನ ಕಿಟಕಿಯಲ್ಲಿ ಕುಶಲ ವಿಚಾರಿಸುವವರ ಹಾಗೆ ಹಾಡಿ ಮುಗಿಸಬೇಕಾಯಿತು. ಕೊನೆಗೆ ಉಳಿದ ಚೂರುಪಾರು ಜಾಗದಲ್ಲಿ ಕೆಲವರು ತಮ್ಮ ಹೆಸರನ್ನೂ ಕೂಗಿ ಹೇಳುತ್ತಿದ್ದರು, ತಟ್ಟೆ ಒತ್ತುವ ಕಾರ್ಖಾನೆಯವರು ಯಾರ ಹಾಡಿಗೆ ಯಾರ ಚೀಟಿ ಅಂಟಿಸಿಯಾರೋ ಎಂಬ ಭಯಕ್ಕೆ.

ನಮ್ಮ ಮಾರೇನಹಳ್ಳಿಯ ಭಜನಾ ಮಂಡಳಿಗೆ ಬರೋಣ. ಅದರ ಯಜಮಾನಿ ಪಕ್ಕದ ಮನೆಯ ಗಿರಿಜಾ ಆಂಟಿ. ತಾಳ ಹಾಕುವವಳು ನಮ್ಮಮ್ಮ. ಗಾರ್ಮೆಂಟ್ಸ್ ಕೆಲಸ ಮುಗಿಸಿ ಬಂದು ಚಪಾತಿ ಲಟ್ಟಿಸುವ ಹೊತ್ತಿನಲ್ಲಿ ಗಿರಿಜಾ ಆಂಟಿಗೆ ಪಾಠ ಹೇಳಿದ ಗುರು ಬಿಳಿನವಿಲಿನ ಒಂದು ಕ್ಯಾಸೆಟ್. ಅದರಲ್ಲಿ ಒಬ್ಬ ಗಾಯಕಿ ಹಾಡಿದ ಒಂದು ದೇವರನಾಮ. ಎ ಬದಿಯ ಟೇಪು ಮುಗಿಯುತ್ತ ಬಂದಾಗ ಹಾಡಿನ್ನೂ ಎರಡನೆಯ ಚರಣದಲ್ಲಿತ್ತು. ಕಂಪನಿಯವರು ಅಲ್ಲಿಗೇ ನಿಲ್ಲಿಸಿ, ಬಿ ಬದಿಯಲ್ಲಿ ಮತ್ತೆ ಪಲ್ಲವಿಯಿಂದ ಎತ್ತಿಕೊಂಡು ಉಳಿದದ್ದನ್ನು ಹಾಡಿಸಿದ್ದರು. ನಮ್ಮ ಮಂಡಳಿ ಹಾಡುವುದೂ ಥೇಟ್ ಹಾಗೆಯೇ. ಎರಡನೆಯ ಚರಣವಾದ ಕೂಡಲೇ ಎಲ್ಲರೂ ಬಾಯಿ ಮುಚ್ಚುತ್ತಾರೆ. ತಾಳವೂ ನಿಲ್ಲುತ್ತದೆ. ಎದ್ದು ಹೋಗಿ, ಹಿಟ್ಟಿನ ಕೈ ಒರೆಸಿಕೊಂಡು, ಕ್ಯಾಸೆಟ್ ತೆಗೆದು ಮಗುಚಿ ಒತ್ತುವಷ್ಟು ಹೊತ್ತು ಮೌನ. ಆಮೇಲೆ ಪಲ್ಲವಿ. ಇದಕ್ಕೆ ಅವರಲ್ಲಿ ‘ತಿರುವಿ ಹಾಕೋದು’ ಎಂದು ಹೆಸರು. ಕ್ಯಾಸೆಟ್ಟನ್ನು ಕಣ್ಣಲ್ಲೂ ಕಂಡಿರದ ಹೊಸ ಹುಡುಗಿಯರಿಗೂ “ಅವಸರ ಮಾಡ್ಬೇಡ ಕಣೇ, ತಿರುವಿ ಹಾಕು” ಎಂದು ಕಲಿಸುತ್ತಾರೆ. ನಾನಂತೂ ಬಹಳ ಕಾಲ ಅದನ್ನು ಧ್ಯಾನ ಎಂದುಕೊಂಡಿದ್ದೆ. ಮೌನವೇ ನಮ್ಮ ಪರಂಪರೆಯ ಪರಮನಾದ ಎಂದು ಒಂದು ಸ್ಪರ್ಧೆಯಲ್ಲಿ ಗುಡುಗಿ ಕಪ್ಪನ್ನೂ ತಂದಿದ್ದೆ. ಅಮ್ಮ ಆ ಕಪ್ಪನ್ನು ನೋಡಿದಾಗಲೆಲ್ಲ ಈಗಲೂ ನಗುತ್ತಾಳೆ.

ಹೋದ ರಾಮನವಮಿಗೆ ಮಂಡಳಿಯವರು ದೇವಸ್ಥಾನದಲ್ಲಿ ಇದನ್ನೇ ಹಾಡಿದರು. ನಾನು ಫೋನಿನಲ್ಲಿ ಹಿಡಿದು ಅಂತರ್ಜಾಲಕ್ಕೆ ಏರಿಸಿದೆ. ಅದಾದ ಮೇಲೆ ಗಿರಿಜಾ ಆಂಟಿಗೆ ಥೈರಾಯ್ಡ್ ಆಪರೇಷನ್ ಆಯಿತು, ದನಿ ಪಿಸುಮಾತಿಗೆ ಇಳಿಯಿತು. ಮಾತಾಡಬಹುದು, ಹಾಡುವ ಆಸೆ ಇಟ್ಟುಕೊಳ್ಳಬೇಡಿ ಎಂದರು ಡಾಕ್ಟರು. ನನ್ನ ಹಳೆಯ ಫೋನು ಅಷ್ಟರಲ್ಲಿ ಬಕೆಟ್ಟಿಗೆ ಬಿದ್ದು ಸತ್ತಿತ್ತು. ಆಂಟಿಯ ಹಾಡು ಉಳಿದದ್ದು ಅಂತರ್ಜಾಲದ ಆ ಒಂದು ವಿಡಿಯೋದಲ್ಲಿ. ಒಂದು ದಿನ ತೆರೆದು ನೋಡಿದರೆ ಎಲ್ಲರ ಬಾಯಿ ಆಡುತ್ತಿದೆ, ಸದ್ದೇ ಇಲ್ಲ. ಇದು ಬಿಳಿನವಿಲಿನ ಧ್ವನಿಮುದ್ರಿಕೆ ಎಂದು ಯಾವುದೋ ಯಂತ್ರ ಗುರುತು ಹಿಡಿದು ದನಿಯನ್ನು ಕಿತ್ತುಹಾಕಿತ್ತು.

ಆಂಟಿ, ಅಮ್ಮ, ನಾನು ಮೂವರೂ ರಾಜಾಜಿನಗರದ ಬಿಳಿನವಿಲು ಕಚೇರಿಗೆ ಹೊರಟೆವು. ಒಂದು ಕಾಲಕ್ಕೆ ಇಡೀ ಕಟ್ಟಡ ತುಂಬಿದ್ದ ಕಂಪನಿ ಈಗ ಮೇಲಿನ ಎರಡು ಕೋಣೆಗೆ ಸರಿದಿದೆ. ಕೆಳಗೆ ಕನ್ನಡಕದ ಅಂಗಡಿ. ಕಂಪನಿ ಕಟ್ಟಿದವರ ಮಗ ಪ್ರಸನ್ನ ಕಾಫಿ ತರಿಸಿದರು. ಕಂಪ್ಯೂಟರಿನಲ್ಲಿ ವಿಡಿಯೋ ಹಾಕಿದರು. ಹಕ್ಕು ಹೇಳಿದವರಿಗೆ ಮಾತ್ರ ಸದ್ದು ಕೇಳುವ ಏರ್ಪಾಡಂತೆ. ಗಿರಿಜಾ ಆಂಟಿಯ ದನಿ ಆ ಕೋಣೆಯಲ್ಲಿ ಎದ್ದು ನಿಂತಿತು. ಆಂಟಿ ಸೆರಗನ್ನು ಗಂಟಲಿಗೆ ಒತ್ತಿ ಹಿಡಿದುಕೊಂಡರು.

“ಮೇಡಂ, ಇದು ನಮ್ಮ ರೆಕಾರ್ಡಿಂಗೇ. ಹಿಂದೆ ಹಾಕ್ಕೊಂಡು ನೀವು ಬಾಯಿ ಆಡ್ಸಿದೀರ. ಬಹಳ ಜನ ಮಾಡ್ತಾರೆ, ಬೇಜಾರಿಲ್ಲ” ಎಂದರು ಪ್ರಸನ್ನ.

“ಬಾಯಿ ಆಡ್ಸೋದಾ? ಇವರು ಹಾಡಕ್ಕೆ ಕೂತ್ರೆ ನಮ್ಮ ರಸ್ತೆ ನಾಯಿಗಳೂ ಬೊಗಳೋದು ನಿಲ್ಲಿಸ್ತಿದ್ವು ಸಾರ್!” ಎಂದಳು ಅಮ್ಮ.

ನನ್ನ ಸರದಿ ಬಂತು. ಸಾಹಿತ್ಯ ದಾಸರದು, ಅದು ಯಾರ ಸೊತ್ತೂ ಅಲ್ಲ ಎಂದು ಶುರು ಮಾಡಿದೆ.

“ಹೌದಪ್ಪ, ದಾಸರದೇ. ಈ ಟ್ಯೂನೂ ದಾಸರೇ ಹಾಕ್ಕೊಟ್ರಾ? ನಮ್ಮಪ್ಪ ಕೂರಿಸಿ ಹಾಕ್ಸಿದ್ದು. ಈ ಪಲ್ಲವಿ ಸರಿಯಾಗಿ ಬರೋವರೆಗೂ ಆ ಗಾಯಕಿ ಊಟಕ್ಕೂ ಏಳಲಿಲ್ಲ” ಎಂದರು ಪ್ರಸನ್ನ. ಎದುರಾಳಿ ಸರಿಯಾದ ಮಾತಾಡಿದರೆ ಒಪ್ಪಿಕೊಳ್ಳುವುದನ್ನು ನನಗೆ ಯಾವ ಸ್ಪರ್ಧೆಯಲ್ಲೂ ಕಲಿಸಿರಲಿಲ್ಲ. ಕಾಫಿ ಕುಡಿದೆ.

ಅಷ್ಟರಲ್ಲಿ ಹಾಡು ನಿಂತಿತು. ಪ್ರಸನ್ನ ಮೌಸ್ ಕುಟ್ಟಿದರು. “ಥತ್, ನೆಟ್ ಹೋಯ್ತಾ?”

“ಇಲ್ಲ ಸಾರ್,” ಎಂದು ಪಿಸುಗುಟ್ಟಿದರು ಗಿರಿಜಾ ಆಂಟಿ, “ತಿರುವಿ ಹಾಕ್ತಾ ಇದೀವಿ.”

ಪಲ್ಲವಿ ಮತ್ತೆ ಎದ್ದಿತು. ಅರ್ಥವಾಗಲು ಅವರಿಗೆ ಒಂದು ಗಳಿಗೆ ಹಿಡಿಯಿತು. ಆಮೇಲೆ ಕನ್ನಡಕ ತೆಗೆದು ಕಣ್ಣೊರೆಸಿಕೊಳ್ಳುವಷ್ಟು ನಕ್ಕರು. ಕ್ಯಾಸೆಟ್ಟಿನ ಹಾಡನ್ನು ಕಂಪ್ಯೂಟರಿಗೆ ಏರಿಸುವಾಗ ಅವರು ಎರಡೂ ಬದಿಗಳನ್ನು ಬೆಸೆದು, ಹೆಚ್ಚಿನ ಪಲ್ಲವಿಯನ್ನು ತೆಗೆದುಹಾಕಿದ್ದರಂತೆ. ಕ್ಯಾಸೆಟ್ಟಿನಲ್ಲಾದರೂ ಇದ್ದದ್ದು ಕತ್ತರಿ ಬಿದ್ದ ಜಾಗ ಮಾತ್ರ. ಅಲ್ಲಿ ಉಸಿರು ಹಿಡಿದು ಕೂತವರು ನಮ್ಮವರು; ಆ ಮೌನ ಕಂಪನಿಯ ಯಾವ ರೆಕಾರ್ಡಿಂಗಿನಲ್ಲೂ ಇರಲಿಲ್ಲ. ನನ್ನ ಹಳೆಯ ವಾದ ಮುಂದುವರಿಸುವ ಉತ್ಸಾಹ ನನ್ನಲ್ಲಿ ಉಳಿಯಲಿಲ್ಲ. ಅಳತೆಗೆ ಕತ್ತರಿಸಿದ ಕಂಪನಿಯ ಮೇಲೆ ಸಿಟ್ಟಾಗೋಣವೆಂದರೆ, ಆ ಕತ್ತರಿ ಇಲ್ಲದಿದ್ದರೆ ನಮ್ಮವರದು ಎಂದು ತೋರಿಸಲು ಅಲ್ಲಿ ಏನೂ ಇರುತ್ತಿರಲಿಲ್ಲ.

“ಹಕ್ಕು ವಾಪಸ್ ತಗೋತೀನಿ ಮೇಡಂ. ಸಾಯಂಕಾಲದೊಳಗೆ ಸೌಂಡ್ ಬರುತ್ತೆ,” ಎಂದರು ಪ್ರಸನ್ನ. “ಆ ಮೆಷಿನ್ ಹಾಳಾಗ್ಲಿ ಬಿಡಿ, ಚಿಕ್ಕಂದಿನಿಂದ ಆ ಗಾಯಕಿ ದನಿ ಕೇಳ್ಕೊಂಡೇ ಬೆಳೆದೋನು ನಾನು. ನಾನೇ ಏಮಾರಿದೆ. ಥೇಟ್ ಅವರೇ!”

ಅಮ್ಮ ತನಗೇ ಶಾಲು ಹೊದೆಸಿದ ಹಾಗೆ ಹಿಗ್ಗಿದಳು. ಗಿರಿಜಾ ಆಂಟಿಯೂ ಕೈಮುಗಿದು ನಕ್ಕರು. ನಾನೂ ಅಮ್ಮನೂ ಎದ್ದು ಬಾಗಿಲ ತನಕ ಬಂದೆವು. ಆಂಟಿ ಮಾತ್ರ ಕುರ್ಚಿಯ ಬೆನ್ನು ಹಿಡಿದು ಅಲ್ಲೇ ನಿಂತಿದ್ದರು. ಪ್ರಸನ್ನ ಮುಂದಕ್ಕೆ ಬಾಗಿ ಕಿವಿಗೊಡಬೇಕಾಯಿತು, ಅಷ್ಟು ಸಣ್ಣ ದನಿ.

“ಸಾರ್, ಅವರ ಹಾಗೇ ಹಾಡ್ಬೇಕು ಅಂತ ಇಷ್ಟು ವರ್ಷ ಹಾಡ್ದೆ. ನನ್ನ ಹಾಗೆ ಹಾಡಿದ್ರೆ ಹೇಗಿರ್ತಿತ್ತು ಸಾರ್?”