ಒಗೆಯುವ ಕಲ್ಲಿನ ಪಕ್ಕದ ಗೋಣಿಸೊಪ್ಪು

ಆಗೆಲ್ಲ ಹಿತ್ತಲಿನಲ್ಲಿ ತಾನಾಗಿ ಹುಟ್ಟಿದ್ದಕ್ಕೂ ಒಂದು ಹೆಸರಿತ್ತು. ಹೆಸರಿದ್ದ ಮೇಲೆ ಅದಕ್ಕೊಂದು ಸಾರೂ ಇತ್ತು. ಗುಂಡ್ಲುಪೇಟೆಯಿಂದ ಮದ್ದೂರಿಗೆ ಹೋಗುವ ರಸ್ತೆಯಲ್ಲಿ ನಮ್ಮ ಮನೆ. ಮುಂಗಾರಿನ ಒಂದು ಹದ ಮಳೆ ಬಿದ್ದರೆ ಸಾಕು, ಅಜ್ಜಿ ಹಾಕಿದ್ದ ಬದನೆ, ಮೆಣಸಿನ ಗಿಡಗಳ ನಡುವೆ ಗೋಣಿಸೊಪ್ಪು ನೆಲಕ್ಕಂಟಿಕೊಂಡು ಹರಡುತ್ತಿತ್ತು. ಕೆಂಪು ದಂಟು, ದಪ್ಪ ಎಲೆ, ಪುಟಾಣಿ ಹಳದಿ ಹೂವು. ಕಿತ್ತು ಬಾಯಿಗೆ ಹಾಕಿಕೊಂಡರೆ ಮೊದಲು ಹುಳಿ, ಆಮೇಲೆ ಮಣ್ಣು. ಆ ಮಣ್ಣಿನ ರುಚಿ ಸೊಪ್ಪಿನದೋ ನನ್ನ ಬೆರಳಿನದೋ ಈಗ ಹೇಳಲಾರೆ.

ಅಜ್ಜಿ ಅದನ್ನು ಬೇಳೆಯ ಜೊತೆ ಬೇಯಿಸಿ, ನೀರು ಬಸಿದು ಉಪ್ಸಾರು ಮಾಡುತ್ತಿದ್ದಳು. ಬೆಳ್ಳುಳ್ಳಿ, ಮೆಣಸಿನಕಾಯಿ ಅರೆದ ಖಾರದ ವಾಸನೆ ಬೀದಿಯ ತನಕ ಬಂದು ನಮ್ಮನ್ನು ಆಟದಿಂದ ಎಳೆದುಕೊಂಡು ಹೋಗುತ್ತಿತ್ತು. ಬೆನ್ನಿಗೆ ಬೆವರುಸಾಲೆ ಎದ್ದರೂ ಅದೇ ಎಲೆ ಜಜ್ಜಿ ಹಚ್ಚುತ್ತಿದ್ದಳು, ಉರಿ ತಣ್ಣಗಾಗುತ್ತಿತ್ತು. ನನಗೂ ಅಕ್ಕನಿಗೂ ಮಾತ್ರ ಅದರ ಕಾಯಿಯ ಮೇಲೆ ಕಣ್ಣು. ಕಾಯಿಗೊಂದು ಪುಟ್ಟ ಮುಚ್ಚಳವಿರುತ್ತದೆ. ಉಗುರಿನಿಂದ ಎತ್ತಿದರೆ ಒಳಗೆ ರಾಗಿಗಿಂತ ಸಣ್ಣ ಕರಿ ಬೀಜ. ಅಡುಗೆ ಆಟದಲ್ಲಿ ಅದೇ ನಮ್ಮ ಪಾತ್ರೆ, ಅದೇ ನಮ್ಮ ಅನ್ನ. ಬಡಿಸುವ ಹೊತ್ತಿಗೆ ಸರಿಯಾಗಿ ಅಜ್ಜಿ ಕೂಗುತ್ತಿದ್ದಳು:

"ನೆಲಕ್ ಸುರೀಬ್ಯಾಡ ಕಣಮ್ಮಿ! ಬರೋ ವರ್ಸ ನಿನ್ ಗಂಡ ಬಂದು ಕೀಳ್ತಾನಾ?"

ಒಂದು ಮಳೆಗಾಲದಲ್ಲಿ ಮಾದೇಶ ಚಿಕ್ಕಪ್ಪನಿಗೆ ಉಮ್ಮತ್ತೂರಿನಲ್ಲಿ ಹೆಣ್ಣು ನೋಡಿದ್ದರು. ಹೆಣ್ಣಿನ ಕಡೆಯವರು ನಮ್ಮ ಮನೆ ನೋಡಲು ಬರಬೇಕಿತ್ತು. ಮನೆ ನೋಡುವುದೆಂದರೆ ನಮ್ಮಲ್ಲಿ ಜಗುಲಿಯಲ್ಲಿ ಕೂತು ಕಾಫಿ ಕುಡಿದು ಹೋಗುವುದಲ್ಲ. ಹೆಂಗಸರು ನೇರ ಹಿತ್ತಲಿಗೆ ನಡೆದು ನೀರಿನ ತೊಟ್ಟಿ, ಸೌದೆ, ಕೊಟ್ಟಿಗೆ ಎಲ್ಲವನ್ನೂ ಕಣ್ಣಲ್ಲೇ ಅಳೆಯುತ್ತಾರೆ. ಚಿಕ್ಕಪ್ಪನಿಗೆ ಅದೇ ಭಯ. ಸಲಿಕೆ ಹಿಡಿದು ಗೋಣಿಸೊಪ್ಪನ್ನೆಲ್ಲ ಕೊಚ್ಚಿ, ಕೊಚ್ಚಿದ್ದನ್ನು ಬಿಸಿಲಿಗೆ ಒಣಗಲೆಂದು ಅಲ್ಲೇ ಬಿಟ್ಟ.

ಅಜ್ಜಿ ನೋಡಿ ನಕ್ಕಳು. "ಚೆನ್ನಾಗ್ ನಾಟಿ ಮಾಡ್ಬುಟ್ಟೆ ಕಣ್ಲಾ."

ಸಂಜೆ ತುಂತುರು ಬಿತ್ತು. ಸ್ವಲ್ಪ ದಿನದಲ್ಲೇ ಕೊಚ್ಚಿದ ತುಂಡು ತುಂಡೂ ಬೇರು ಬಿಟ್ಟು, ಹಿತ್ತಲು ಮೊದಲಿಗಿಂತ ಒತ್ತಾಗಿ ಹಸಿರಾಯಿತು. ಚಿಕ್ಕಪ್ಪ ಬೆನ್ನಿಗೆ ಕಳೆನಾಶಕದ ಟ್ಯಾಂಕು ಕಟ್ಟಿಕೊಂಡು ಬಂದ.

"ಸರ್ಕೊ ಅವ್ವ. ಕಳೆ ತಿನ್ನೋ ಅಟ್ಟಿಗೆ ಯಾರ್ ಎಣ್ ಕೊಟ್ಟಾರು?"

"ಕಳೆ ತಿಂದೇ ನೀನು ಇಷ್ಟುದ್ದ ಬೆಳ್ದಿರೋದು. ಔಸ್ದಿ ಬುಡಂಗಿದ್ರೆ ನನ್ ತಲೆ ಮ್ಯಾಲೇ ಬುಡು!"

ಹಾಗೆಂದವಳೇ ಬದನೆ ಸಾಲಿನ ನಡುವೆ ಚಕ್ಕಳಮಕ್ಕಳ ಹಾಕಿ ಕೂತುಬಿಟ್ಟಳು.

ನನಗೆ ನೆನಪಿರುವುದು ಹೀಗೆ. ಅಕ್ಕ ಒಪ್ಪುವುದಿಲ್ಲ. "ಮಂಡಿನೋವಿನ ಅಜ್ಜಿ ನೆಲದಲ್ಲಿ ಎಲ್ಲಿ ಕೂತ್ಲು? ಸೊಂಟದ ಮೇಲೆ ಕೈ ಇಟ್ಕೊಂಡು ನಿಂತಿದ್ಲು, ಅಷ್ಟೇ," ಎನ್ನುತ್ತಾಳೆ. ನೆನಪನ್ನು ಪೂರ್ತಿ ನಂಬಬಾರದೆಂದು ವಿಶ್ವವಿದ್ಯಾಲಯದಲ್ಲಿ ಓದಿದವಳು ನಾನು. ದಿನಚರಿಯಲ್ಲೂ ಈ ಸಂಗತಿಯನ್ನು ಎರಡು ಬಗೆಯಲ್ಲಿ ಬರೆದು, ಎರಡನ್ನೂ ಹೊಡೆದುಹಾಕದೆ ಬಿಟ್ಟಿದ್ದೇನೆ. ಆದರೆ ಚಿಕ್ಕಪ್ಪ ಟ್ಯಾಂಕು ಕೆಳಗಿಳಿಸಿದ ಎಂಬುದರಲ್ಲಿ ನಮ್ಮಿಬ್ಬರಿಗೂ ಜಗಳವಿಲ್ಲ.

"ಅವ್ರು ಬರೋದ್ರೊಳ್ಗೆ ಒಂದ್ ಎಲೆ ಇರ್ಕೂಡ್ದು," ಅಂದ.

"ಒಗ್ಯೋ ಕಲ್ಲಿನ್ ಪಕ್ಕದ ಮೂಲೆ ಬುಟ್ಟು ಎಲ್ಲಾನೂ ಕೀಳ್ತೀನಿ. ಆ ಮೂಲೆ ನಂದು."

ರಾತ್ರಿ ಮಳೆ ಬಂದು ನೆಲ ಮೆತ್ತಗಾದ ಬೆಳಿಗ್ಗೆ ಅಜ್ಜಿ ಬೇಲಿಯ ಮೇಲಿಂದ ಕೂಗು ಹಾಕಿದಳು: "ಬನ್ರವ್ವೋ, ಗೋಣಿಸೊಪ್ಪು ಕಿತ್ಕೊಂಡ್ ಓಗಿ!" ನಮ್ಮ ಕಡೆ ಕಳೆ ಕಿತ್ತವರದೇ ಸೊಪ್ಪು, ಆ ಮಾತಿಗೆ ಎದುರಿಲ್ಲ. ಬೀದಿಯ ಹೆಂಗಸರೆಲ್ಲ ಮಂಕರಿ ಹಿಡಿದು ಬಂದರು. ಟೈಲರ್ ಮನೆಯ ಫಾತಿಮಕ್ಕನೂ ಬಂದು, "ಮಾದೇಶಣ್ಣನ ಮದ್ವೆ ಊಟ ಈಗ್ಲೇ ಶುರುವಾ ಅಜ್ಜಿ?" ಎಂದು ಎಲ್ಲರನ್ನೂ ನಗಿಸಿದರು. ಚಿಕ್ಕಪ್ಪ ಕೊಟ್ಟಿಗೆಯಿಂದ ಹೊರಗೇ ಬರಲಿಲ್ಲ.

ಬುಡ ಹಿಡಿದು, ಬೇರು ತುಂಡಾಗದಂತೆ ಮೆಲ್ಲಗೆ ಎಳೆಯಬೇಕು. ಮಣ್ಣು ಕೊಡವಿ ಗೋಣಿತಾಟಿನ ಮೇಲೆ ಹಾಕಬೇಕು, ನೆಲಕ್ಕಲ್ಲ. ಎಳೆಯದು ಮಂಕರಿಗೆ. ಕಾಯಿ ಕಟ್ಟಿದ್ದನ್ನು ಗೊಬ್ಬರದ ಗುಂಡಿಗೂ ಹಾಕುವಂತಿಲ್ಲ. ತಾಟಿನ ಮೇಲೇ ಒಣಗಿಸಿ ಒಲೆಗೆ. ಮಧ್ಯಾಹ್ನದ ಹೊತ್ತಿಗೆ ಹಿತ್ತಲು ಬೋಳಾಯಿತು, ಬೀದಿಗೆಲ್ಲ ಒಂದೇ ಸಾರಿನ ಘಮ.

ಉಮ್ಮತ್ತೂರಿನವರು ಬಂದರು. ಹೆಣ್ಣಿನ ತಾಯಿ ಹಿತ್ತಲೆಲ್ಲ ಸುತ್ತಿ ಒಗೆಯುವ ಕಲ್ಲಿನ ಹತ್ತಿರ ನಿಂತರು. ಬಾಗಿಲಲ್ಲಿ ಚಿಕ್ಕಪ್ಪನ ಮುಖ ಬಿಳಿಚಿಕೊಂಡಿತ್ತು.

"ಇದ್ಯಾಕೆ ಇಷ್ಟು ಬುಟ್ಟಿದೀರಿ? ಮದ್ವೆ ಆದ್ಮೇಲೆ ನಮ್ ಉಡ್ಗಿ ಇದ್ನೆಲ್ಲ ಕೀಳ್ಬೇಕಾ?"

"ಕೀಳೋದು ಬ್ಯಾಡ ಕಣವ್ವ. ತಿಂದ್ರೆ ಸಾಕು," ಅಂದಳು ಅಜ್ಜಿ.

ಆ ತಾಯಿ ನಗಲಿಲ್ಲ. ಆದರೂ ಮದುವೆ ಆಯಿತು. ಚಿಕ್ಕಮ್ಮ ಇವತ್ತಿಗೂ ಗೋಣಿಸೊಪ್ಪು ಮುಟ್ಟುವುದಿಲ್ಲ. ಅಜ್ಜಿ ಇರುವವರೆಗೂ ಆ ಮೂಲೆಯನ್ನೂ ಯಾರೂ ಮುಟ್ಟಲಿಲ್ಲ.

ಈಗ ನಾನಿರುವುದು ಚಾಮರಾಜನಗರದ ಒಂದು ಬಡಾವಣೆಯಲ್ಲಿ. ಅಂಗಳಕ್ಕೆಲ್ಲ ಟೈಲ್ಸ್. ನಾನು ಮಾತ್ರ ಒಗೆಯುವ ಕಲ್ಲಿನ ಪಕ್ಕ ಒಂದಿಷ್ಟು ಮಣ್ಣು ಉಳಿಸಿಕೊಂಡಿದ್ದೇನೆ. ಈ ಸಲದ ಮಳೆಗೆ ಅಲ್ಲಿ ಗೋಣಿಸೊಪ್ಪು ಎದ್ದಿತು. ಕಳೆದ ವಾರ ಬಡಾವಣೆಯವರು ಕಳಿಸಿದ ಆಳು ಟ್ಯಾಂಕು ಹೊತ್ತು ಬಂದ.

"ಸರ್ಕಳಿ ಮೇಡಂ, ಎಲ್ಲರ್ ಮನೇಲೂ ಔಸ್ದಿ ಒಡ್ದಾಯ್ತು."

ಮೊದಲು ಅಕ್ಕ ಹೇಳುವ ಅಜ್ಜಿಯಂತೆ ಸೊಂಟದ ಮೇಲೆ ಕೈ ಇಟ್ಟು ನಿಂತೆ. ಅವನು ಹೋಗಲಿಲ್ಲ. ಆಮೇಲೆ ನಾನು ಕಂಡ ಅಜ್ಜಿಯಂತೆ ಸೊಪ್ಪಿನ ನಡುವೆ ಕೂತೆ. ಹೋದ.

ಸೊಪ್ಪು ಎಲ್ಲೂ ಕಳೆದುಹೋಗಿಲ್ಲ. ಮೋರಿಯ ಬಿರುಕಿನಲ್ಲಿ, ಬಸ್ ನಿಲ್ದಾಣದ ಗೋಡೆಯ ಬುಡದಲ್ಲಿ, ಎಲ್ಲೆಲ್ಲೂ ಇದೆ. ಕಳೆದುಹೋದದ್ದು ಮಂಕರಿ ಹಿಡಿದು ಬರುವವರು. ಅವನು ಹೋದ ಮೇಲೆ ಕಾಂಪೌಂಡಿನ ಮೇಲಿಂದ ನಾನೂ ಕೂಗಿದೆ: "ಬನ್ರವ್ವೋ, ಗೋಣಿಸೊಪ್ಪು ಕಿತ್ಕೊಂಡ್ ಓಗಿ!" ಎದುರುಮನೆಯ ಕಿಟಕಿ ತೆರೆಯಿತು, ಮುಚ್ಚಿತು. ಒಬ್ಬಳೇ ಬೇಕಾದಷ್ಟು ಕಿತ್ತುಕೊಂಡೆ, ಉಳಿದದ್ದನ್ನು ಬಿಟ್ಟೆ.

ಮುಂದಿನ ಮಳೆಗೆ ಇನ್ನೂ ಗಟ್ಟಿಯಾಗಿ ಕೂಗುತ್ತೇನೆ.